ಒಳಕಾಲ ಹೊಲಿಗೆ

ಕೌಲ್‌ಬಜಾರಿನ ಜೀನ್ಸ್ ಶೆಡ್ಡಿನಲ್ಲಿ
ನನ್ನ ಪಾಲಿಗೆ ಬಂದದ್ದು ಒಳಕಾಲು ಮಾತ್ರ.
ಜೇಬು ವನ್ನೂರಸಾಬನದು, ಜಿಪ್ಪು ತಾಯಪ್ಪನದು.
ಒಂದು ಪಾದದಿಂದ ತೊಡೆಸಂದಿಗೆ ಏರಿ
ಇನ್ನೊಂದು ಪಾದಕ್ಕೆ ಇಳಿಯುವ
ಒಂದೇ ಉಸಿರಿನ ಹೊಲಿಗೆ ನನ್ನದು.
ದಿನಕ್ಕೆ ಮುನ್ನೂರು ಜೊತೆ ಕಾಲು
ನನ್ನ ಕೈಯಿಂದೆದ್ದು ಹೋಗುತ್ತವೆ
ಸೊಲ್ಲಾಪುರಕ್ಕೆ, ಸೂರತ್ತಿಗೆ, ಎಲ್ಲಿಗೋ.

ಮನೆಯಲ್ಲಿ ಒಂದು ಜೊತೆ ಇತ್ತು.

ಸುಂಕಮ್ಮನಿಗೆ ಐದು ತುಂಬಿದ ವರ್ಷ.
ಎತ್ತಿ ನಿಲ್ಲಿಸಿದರೆ ಮೊಣಕಾಲಿಗೆ ಮೊಣಕಾಲು ಅಡ್ಡಬಂದು
ಕತ್ತರಿಯ ಹಾಗೆ ಮುಚ್ಚಿಕೊಳ್ಳುತ್ತಿದ್ದವು.
ಬೆರಳ ತುದಿ ನೆಲದಲ್ಲಿ, ಹಿಮ್ಮಡಿ ಗಾಳಿಯಲ್ಲಿ.
ಆದೋನಿಯಿಂದ ಬಂದ ಅತ್ತೆ
ಎಣ್ಣೆ ಕಾಸಿ ತಿಕ್ಕಿ ತಿಕ್ಕಿ ಸೋತರು.
ಗ್ರಹಣದ ಹೊತ್ತು ತಿಪ್ಪೆಯಲ್ಲಿ ಕುತ್ತಿಗೆತನಕ ಹೂಳಿರಿ
ಅಂದವರೂ ಇದ್ದರು.
ಹೂಳಿದ್ದೆವು.
ಅದರ ಮಾತು ಬೇಡ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಫೌಜಿಯಾ ಮೇಡಂ
ಮೊದಲು ಹಿಡಿದು ನೋಡಿದ್ದು ನನ್ನ ಕೈ.
“ಭಾಳ ಗಟ್ಟಿ ಐತ್ರಿ ಹಿಡಿತ. ಬಟ್ಟೆಗೆ ಸರಿ.
ಇದನ್ನ ಜಗ್ಗಬ್ಯಾಡ್ರಿ. ಹಿಡಕೊಂಡು ಕಾಯ್ರಿ,
ಮೂವತ್ತು ಎಣಿಸೂತನಕ.
ಅದಾ ಬಿಡ್ತೈತಿ.”

ಮೂವತ್ತು ಎಣಿಸುವಷ್ಟರಲ್ಲಿ ನನ್ನದೊಂದು ಪ್ಯಾಂಟು ಮುಗಿಯುತ್ತದೆ.
ಪೀಸಿಗೆ ಮೂರು ರೂಪಾಯಿ.
ಕಾಲಿಗೆ ಹತ್ತು ಸಲ, ಎರಡು ಕಾಲು, ಬೆಳಗು ಬೈಗು,
ಒಟ್ಟು ನೂರಿಪ್ಪತ್ತು ಅಂತ
ತಲೆ ತಾನೇ ಲೆಕ್ಕ ಕಟ್ಟಿಬಿಟ್ಟಿತು.
ನಾಚಿಕೆಯಾಯಿತು.
ನಾಚಿಕೆಯಾದರೂ ಲೆಕ್ಕ ನಿಲ್ಲಲಿಲ್ಲ.

ಹುಲಿಗೆಮ್ಮ ಶೆಡ್ಡಿನ ಚಿಂದಿ ತುರುಕಿ
ಎದೆಯಡಿ ಇಡಲು ದಿಂಡು ಹೊಲಿದಳು,
ಹೊಳೆಮರಳು ತುಂಬಿ ಎರಡು ಪಟ್ಟಿ.
ಮುಂದಿನ ವಾರ ಮೇಡಂ ಲಂಗ ಸರಿಸಿದವರೇ ಬೆಚ್ಚಿದರು:
“ಯಾರು ಹೊಡದ್ರು? ಎಷ್ಟು ಕಂದೇತಿ!”
ಬೆರಳಿಗೆ ಉಗುಳು ಹಚ್ಚಿ ಉಜ್ಜಿದಳು ನನ್ನವಳು.
ಬಟ್ಟೆಯ ನೀಲಿ.
ಮೇಡಂ ನಕ್ಕರು, ಆಮೇಲೆ ತುಸು ಹೊತ್ತು
ಕಿಟಕಿ ಕಡೆ ತಿರುಗಿ ನಿಂತರು.

ಈಗ ಅತ್ತೆಯೂ ಎಣಿಸುತ್ತಾರೆ, ತೆಲುಗಿನಲ್ಲಿ.
ಹದಿನೇಳನ್ನು ದಿನವೂ ನುಂಗುತ್ತಾರೆ.
ಮೂರು ವರ್ಷದ ಎರ್ರಿ ಅಕ್ಕನ ಪಕ್ಕ ಬಿದ್ದುಕೊಂಡು
ತನ್ನ ಕಾಲೂ ಎತ್ತುತ್ತಾನೆ: “ನಂದೂ ಎಣಸು.”
ಹತ್ತಕ್ಕೆ ಬಿಟ್ಟರೆ ಮೋಸ ಅಂತಾನೆ.

ಕೆಲವು ಬೆಳಗು ಮೂವತ್ತಾದರೂ ಏನೂ ಇಲ್ಲ,
ಚಳಿಗಾಲದಲ್ಲಂತೂ ಕಾಲು ಮರದ ಕೊರಡು.
ಕೆಲವು ಬೆಳಗು
ಇಪ್ಪತ್ತೆರಡಕ್ಕೋ ಇಪ್ಪತ್ಮೂರಕ್ಕೋ
ಬಾಬಿನ್ನಿನ ದಾರ ಸಡಿಲಾದ ಹಾಗೆ
ಕಾಲು ತನ್ನ ಭಾರವನ್ನು ನನ್ನ ಅಂಗೈಗೆ ಬಿಡುತ್ತದೆ.
ನೋಡುವವರಿಗೆ ಏನೂ ಕಾಣುವುದಿಲ್ಲ.
ಓಣಿಯವರು ಕೇಳುತ್ತಾರೆ, “ನಡೀತಾಳಾ?”
ಮೇಡಂ ಹೇಳಿಲ್ಲ.
ನಾನೂ ಕೇಳಿಲ್ಲ.

ಮೊನ್ನೆ ಕರೆಂಟು ಹೋಗಿ ಶೆಡ್ಡು ಬೇಗ ಬಿಟ್ಟಿತು.
ಅಪ್ಪನ ಕಾಲದ ತುಳಿಯುವ ಮಿಷಿನ್ನಿನ ಮುಂದೆ
ತೊಡೆಯ ಮೇಲೆ ಅವಳನ್ನು ಕೂರಿಸಿಕೊಂಡು
ಎರ್ರಿಯ ಹರಿದ ಚಡ್ಡಿಗೆ ಕೂತೆ.
ಪೆಡಲಿನ ಮೇಲೆ ಅವಳ ಪಾದ, ಅದರ ಮೇಲೆ ನನ್ನದು,
ಹೊರೆಯಾಗದಷ್ಟು.
ಬೆರಳು ಇಳಿದರೆ ಮುಂದೆ,
ಹಿಂದಕ್ಕೆ ಬರಬೇಕಾದರೆ ಹಿಮ್ಮಡಿಯೇ ಇಳಿಯಬೇಕು.
ಕಬ್ಬಿಣಕ್ಕೆ ಮುಪ್ಪಿಲ್ಲ, ಆತುರವೂ ಇಲ್ಲ.
ಎಷ್ಟೋ ಹೊತ್ತಿನ ಮೇಲೆ
ಅವಳು ಕೂಗಿಕೊಂಡಳು:
“ಅಪ್ಪಾ, ಹಿಂದ ತಣ್ಣಗೈತಿ!”

ಎಲ್ಲಿ ಹಿಂದ, ಅಂದೆ.
“ಕಾಲ್ ಹಿಂದ.”

ಸೂಜಿ ನಾಲ್ಕು ಹೆಜ್ಜೆ ಸೊಟ್ಟಗೆ ಹೋಯಿತು.
ಹುಲಿಗೆಮ್ಮ ಒಲೆ ಬಿಟ್ಟು ಬಂದು ಬಗ್ಗಿ ನೋಡಿದಳು,
ಏನೂ ಅನ್ನದೆ ರೊಟ್ಟಿ ಸೀಯುವತನಕ ನೋಡಿದಳು.
ಚಡ್ಡಿಯಿಲ್ಲದ ಎರ್ರಿ ಮಿಷಿನ್ನಿನ ಕೆಳಗಿನಿಂದ
ತನ್ನ ಕಾಲು ಚಾಚುತ್ತಿದ್ದ:
“ಈಗ ನನ್ನ ಪಾಳಿ.”